ಕಪ್ಪಿಲ್ಲದ ಪರದೆ

ವಿಮಾನದ ರಾಡಾರ್ ಪರದೆಯಿಂದ ಕಪ್ಪು ಬಣ್ಣ ತೆಗೆದುಹಾಕೋಣ ಎಂದು ಕೈ ಎತ್ತಿದ ಒಂಬತ್ತು ಜನರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಡೆದದ್ದಕ್ಕೆಲ್ಲ ಜನ ನನ್ನ ಮಾವನ ಕಡೆಗೆ ಬೆರಳು ತೋರಿಸಿದರು. ನನ್ನ ಕೈ ಯಾರಿಗೂ ಕಾಣಲಿಲ್ಲ.

ಆ ಸಭೆ ನಡೆಯುವ ಹೊತ್ತಿಗೆ ವಿಮಾನದಲ್ಲಿ ಇಬ್ಬರು ಪೈಲಟ್‌ಗಳು ಕೂರುವ ಕಾಲ ಮುಗಿದಿತ್ತು. ಒಬ್ಬರು ಸಾಕು, ಇನ್ನೊಬ್ಬರ ಕೆಲಸವನ್ನು ಯಂತ್ರ ಮಾಡುತ್ತದೆ ಎಂದು ಕಾನೂನೇ ಬಂದಿತ್ತು. ಆ ಒಬ್ಬರೂ ಸುಮ್ಮನೆ ಕೂತಿದ್ದರೆ ಇನ್ನೂ ಚೆಂದ ಎಂಬುದು ನಮ್ಮ ಕಂಪನಿಯ ಮನಸ್ಸಿನಲ್ಲಿದ್ದ ಮಾತು. ಪ್ರಯಾಣಿಕರಿಗೆ ಹೊತ್ತು ಹೋಗಲಿ ಎಂದು ರಾಡಾರ್ ಚಿತ್ರವನ್ನು ಪ್ರತಿ ಸೀಟಿನ ಮುಂದೆಯೂ ತೋರಿಸುತ್ತಿದ್ದೆವು. ಅದೇ ಎಡವಟ್ಟಾಯಿತು.

ರಾಡಾರ್ ಕೆಲಸ ಮಾಡುವ ಬಗೆ ಸರಳ. ವಿಮಾನದ ಮೂಗಿನೊಳಗೆ ಕೂತು ಅದು ಮುಂದಕ್ಕೆ ರೇಡಿಯೋ ಅಲೆಗಳನ್ನು ಎಸೆಯುತ್ತದೆ. ಮಳೆಹನಿಗೆ ತಾಗಿ ವಾಪಸು ಬಂದ ಅಲೆಗಳನ್ನು ಅಳೆದು ಪರದೆಗೆ ಬಣ್ಣ ಹಚ್ಚುತ್ತದೆ. ಸಣ್ಣ ಮಳೆಗೆ ಹಸಿರು, ಜೋರು ಮಳೆಗೆ ಹಳದಿ, ಒಳಗೆ ಹೊಕ್ಕರೆ ಮೂಳೆ ಮುರಿಯುವಂಥ ಗುಡುಗುಮೋಡಕ್ಕೆ ಕೆಂಪು. ಏನೂ ವಾಪಸು ಬರದಿದ್ದರೆ ಕಪ್ಪು. ಮುಂದೆ ಮಳೆಯೇ ಇಲ್ಲದಿದ್ದರೂ ಕಪ್ಪೇ, ಮುಂದಿನ ಮಳೆ ಅಲೆಗಳನ್ನೆಲ್ಲ ನುಂಗಿ ತನ್ನ ಬೆನ್ನ ಹಿಂದಿರುವುದನ್ನು ಮರೆಮಾಡಿದರೂ ಕಪ್ಪೇ. ಹಳೆಯ ಪೈಲಟ್‌ಗಳು ಕೆಂಪಿಗಿಂತ ಹೆಚ್ಚಾಗಿ ಕೆಂಪಿನ ಹಿಂದಿನ ಕಪ್ಪಿಗೆ ಹೆದರುತ್ತಿದ್ದರು.

ಪ್ರಯಾಣಿಕರು ಗಗನಸಖಿಯರನ್ನು ಕೇಳತೊಡಗಿದರು: ಈ ಕಪ್ಪು ಜಾಗದಲ್ಲಿ ಏನಿದೆ? ಅಲ್ಲೇನಿದೆಯೋ ಗೊತ್ತಿಲ್ಲ ಎಂದು ಆ ಹುಡುಗಿಯರು ನಿಜ ಹೇಳಿದರು. ನಿಜ ಹೇಳಿದರೆ ಟಿಕೆಟ್ ಯಾರು ಕೊಳ್ಳುತ್ತಾರೆ? ಆಗ ಬಂದದ್ದು 'ಪೂರ್ಣಚಿತ್ರ'. ಆಕಾಶದಲ್ಲಿರುವ ಎಲ್ಲ ವಿಮಾನಗಳ ರಾಡಾರ್‌ಗಳೂ ತಾವು ಕಂಡದ್ದನ್ನು ಒಂದಕ್ಕೊಂದು ಹೇಳಿಕೊಳ್ಳುತ್ತವೆ. ಒಂದಕ್ಕೆ ಕಾಣದ ಜಾಗವನ್ನು ಅದೇ ದಾರಿಯಲ್ಲಿ ಮುಂದೆ ಹೋದ ಇನ್ನೊಂದು ತುಂಬಿಕೊಡುತ್ತದೆ. ಯಾರಿಗೂ ಕಾಣದಿದ್ದರೆ ಯಂತ್ರವೇ ಊಹಿಸಿ ತಿಳಿಹಸಿರು ಬಳಿಯುತ್ತದೆ. ನೆಲದ ಮೇಲಿನ ರಾಡಾರ್‌ಗಳ ಮಾತನ್ನೂ ಅದು ಕೇಳುತ್ತಿತ್ತು, ಆದರೆ ಹತ್ತಿರದಲ್ಲೇ ಹಾರುತ್ತಿರುವ ವಿಮಾನ ಬೇರೆ ಹೇಳಿದರೆ ವಿಮಾನವನ್ನೇ ನಂಬುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಶಾಲೆಯಲ್ಲಿ ಓದಿದ್ದ ನಾವು ಒಂಬತ್ತು ಜನ ಹಸಿರಾಗಿರುವುದೆಲ್ಲ ಬಯಲು ಎಂದು ಒಪ್ಪಿಕೊಂಡೆವು.

ಏಳು ವರ್ಷ ಏನೂ ಆಗಲಿಲ್ಲ. ಇದನ್ನೂ ಹೇಳಬೇಕು.

ನನ್ನ ಹೆಸರು ಗುರುಸಿದ್ಧ. ಬೆಳಗಾವಿಯಲ್ಲಿ ನಮ್ಮ ಕಂಪನಿಯ ಹವಾಮಾನ ಕೇಂದ್ರದಲ್ಲಿ ಎಂಟು ಪರದೆಗಳ ಮುಂದೆ ಕೂರುವುದು ನನ್ನ ಕೆಲಸ. ಹೆಂಡತಿ ಮಯೂರಿ ಅದೇ ಕಂಪನಿಯಲ್ಲಿ ಪೈಲಟ್. ಮಯೂರಿಯ ತಂದೆ ಯಂಕಪ್ಪ ಚಿತ್ರಗಾರ ನಮ್ಮೊಂದಿಗೇ ಇರುತ್ತಾರೆ. ಕೊಪ್ಪಳದ ಕಡೆಯವರು, ತಲೆಮಾರುಗಳಿಂದ ಮರದ ದೇವರನ್ನು ಕಡೆದು ಬಣ್ಣ ಹಚ್ಚುವ ಮನೆತನ. ಅವರ ಕೈಯಲ್ಲಿ ಕುಂಚ ಹೋದಲ್ಲೆಲ್ಲ ಬಣ್ಣ ಒಂದೇ ದಪ್ಪ ಕೂರುತ್ತದೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗುವುದಿಲ್ಲ. ವಿಮಾನದ ಮೂಗಿನ ಟೊಪ್ಪಿಗೆಗೆ ಬೇಕಾದದ್ದು ಅದೇ. ರಾಡಾರನ್ನು ಮುಚ್ಚುವ ಆ ಟೊಪ್ಪಿಗೆ ಗಾಜಿನ ನಾರಿನದು. ಅದರ ಮೇಲೆ ಬಣ್ಣ ದಪ್ಪವಾದರೆ ಅಲೆಗಳು ಮಂಕಾಗುತ್ತವೆ. ಯಂತ್ರದ ಪಿಚಕಾರಿಗಿಂತ ಮುದುಕನ ಕೈ ವಾಸಿ ಎಂದು ಹ್ಯಾಂಗರಿನ ಮೇಸ್ತ್ರಿಯೇ ಒಪ್ಪಿ ಅವರನ್ನು ಕೆಲಸಕ್ಕಿಟ್ಟುಕೊಂಡಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಊಟಕ್ಕೆ ಕೂತಾಗ ಮಾವ ಕೇಳಿದರು:

"ಅಳ್ಯಾರ, ಆ ಮೂಗಿನೊಳಗ ಏನೈತ್ರಿ? ಅಷ್ಟು ಜ್ವಾಕಿ ಮಾಡ್ತಾರ?"

"ರಾಡಾರ್ ಐತ್ರಿ ಮಾವಾರ. ಅದ ವಿಮಾನದ ಕಣ್ಣು."

ಅವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. "ಕಣ್ಣು ಒಳಗಿಟ್ಟು ಮ್ಯಾಲ ಟೊಪಿಗಿ ಹಾಕ್ಯಾರ? ಹಂಗಾರ ಅದಕ್ಕ ಹೊರಗ ಕಾಣೂದು ಹ್ಯಾಂಗ?"

"ಕಾಣತೈತಿ ಬಿಡ್ರಿ. ಅದು ಬ್ಯಾರೆ ನಮೂನಿ ಕಣ್ಣು."

ಮಯೂರಿ ನಕ್ಕಳು. ನಾಲ್ಕು ವರ್ಷದ ಮಗಳು ಅಂಬು ಯಾಕೆಂದು ತಿಳಿಯದೆ ತಾನೂ ನಕ್ಕಳು. ಮಾವ ನಗಲಿಲ್ಲ. ಹೊರಗೆ ಕಾಣುವುದು ಹೇಗೆ ಎಂದು ಅರ್ಧ ಗಂಟೆ ಕೂತು ವಿವರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಮಜ್ಜಿಗೆ ಅನ್ನ ಮುಗಿಸಿ ಮಲಗುವ ಆತುರ.

ಇದಾಗಿ ಎರಡು ವರ್ಷಕ್ಕೆ, ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ನಮ್ಮ ನಾಲ್ಕು ವಿಮಾನಗಳು ಹಸಿರಿನ ನಡುವೆಯೇ ಕೆಟ್ಟದಾಗಿ ಕುಲುಕಿದವು. ಒಬ್ಬ ಗಗನಸಖಿಯ ಕೈ ಬಿಸಿ ಚಹಾ ಚೆಲ್ಲಿ ಬೆಂದಿತು. ಪರದೆ ಹಸಿರಿತ್ತು, ಹಾಗಾಗಿ ಮೋಡವಿರಲಿಲ್ಲ, ಹಾಗಾಗಿ ಅದು ಬರಿಗಾಳಿಯ ಕುಲುಕಾಟ ಎಂದು ಮೇಲಿನವರು ತೀರ್ಮಾನಿಸಿದರು. ನಾಲ್ಕೂ ಸಲ ಪೆಟ್ಟು ನೇರ ಎದುರಿನಿಂದ, ಕೊಂಚ ಎಡಕ್ಕೆ ಬಂದದ್ದನ್ನು ನಾನು ಗಮನಿಸಿದ್ದೆ. ಒಂದು ಚೀಟಿಯಲ್ಲಿ ಬರೆದು ಡ್ರಾಯರಿನಲ್ಲಿಟ್ಟಿದ್ದೆ. ಬಣ್ಣ ಬಳಿದ ಮೇಲೆ ಮೂಗಿನ ಟೊಪ್ಪಿಗೆಯ ಮೂಲಕ ಅಲೆ ಹಾಯಿಸಿ ನೋಡುವ ಪರೀಕ್ಷೆ ಹಿಂದೆ ಕಡ್ಡಾಯವಾಗಿತ್ತು. ಪೂರ್ಣಚಿತ್ರ ಬಂದ ಮೇಲೆ ಅದು ತನ್ನ ಕಣ್ಣನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ ಎಂದು ಆ ಕೋಣೆಯನ್ನು ಕ್ಯಾಂಟೀನಿನವರಿಗೆ ಅಕ್ಕಿಚೀಲ ಇಡಲು ಕೊಟ್ಟಿದ್ದರು.

ಮೇ ತಿಂಗಳ ಎರಡನೆಯ ವಾರ. ಮಾವ ಅಂಬುವನ್ನು ಕರೆದುಕೊಂಡು ಯರಗಟ್ಟಿಗೆ, ಅವರ ಸೋದರತ್ತೆಯ ಮೊಮ್ಮಗಳ ಮದುವೆಗೆ ಹೋಗಿದ್ದರು. ಮಯೂರಿ ಹೈದರಾಬಾದಿಗೆ ಹೋಗಿ ಬರುವವಳಿದ್ದಳು. ಹೊರಡುವಾಗ ಬೂಟಿನ ದಾರ ಕಟ್ಟುತ್ತ, "ರೀ, ಸಂಜಿಗೆ ನಾನ ಯರಗಟ್ಟಿಗೆ ಹೋಗಿ ಅಂಬುನ್ನ ಕರ್ಕೊಂಡು ಬರ್ತೀನಿ. ನೀವು ಅನ್ನಕ್ಕ ಇಡ್ರಿ" ಎಂದಳು. ನಾನು ಹೂಂ ಎಂದೆ, ತಲೆ ಎತ್ತಿ ನೋಡಲೂ ಇಲ್ಲ.

ಮಧ್ಯಾಹ್ನ ಮೂರೂ ನಲವತ್ತು. ಕೇಂದ್ರದಲ್ಲಿ ನಾನು ಮತ್ತು ಮುಖ್ಯಸ್ಥೆ ಫಿಲೋಮಿನಾ ಮೇಡಂ ಇದ್ದೆವು. ಮಯೂರಿಯ ವಿಮಾನ, ಏಳು-ಎರಡು-ಒಂದು, ಆಲಮಟ್ಟಿಯ ಮೇಲಿತ್ತು. ಒಳಗೆ ನೂರಾ ಅರವತ್ತೆರಡು ಜನ. ಆಲಮಟ್ಟಿಯಿಂದ ಬೆಳಗಾವಿಯವರೆಗೂ ಪರದೆ ತಿಳಿಹಸಿರು. ಅಷ್ಟರಲ್ಲಿ ನನ್ನ ಫೋನು ಬಂತು.

"ಅಳ್ಯಾರ!" ಮಾವ ಕೂಗುತ್ತಿದ್ದರು. ಹಿಂದೆ ತಗಡಿನ ಮೇಲೆ ಕಲ್ಲು ಸುರಿದಂಥ ಸದ್ದು. "ಇಲ್ಲಿ ಆಣಿಕಲ್ಲು ಬೀಳಾಕತ್ತಾವು ನೋಡ್ರಿ! ಲಿಂಬಿಹಣ್ಣಿನಷ್ಟು ದಪ್ಪ ಅದಾವು. ಮದವಿ ಹಂದರ ಹರದು ಹೋತು. ಅಂಬು ಒಂದು ತಾಟಿನಾಗ ಆರಿಸಿ ಇಟ್ಗೊಂಡಾಳ."

"ಎಲ್ಲಿ ಅದೀರಿ ಮಾವಾರ? ಯರಗಟ್ಟಿಯೊಳಗ ಅದೀರೇನು?"

"ಮತ್ತೆಲ್ಲಿ? ಮದವಿ ಮನ್ಯಾಗ."

ಪರದೆಯ ಮೇಲೆ ಯರಗಟ್ಟಿ ಎಂಬ ಹೆಸರಿನ ಸುತ್ತ ಬೆರಳು ಆಡಿಸಿದೆ. ಎಳೆ ಗರಿಕೆಯಂಥ ಹಸಿರು. ಮಯೂರಿ ಅದರಿಂದ ಒಂಬತ್ತು ನಿಮಿಷ ದೂರದಲ್ಲಿದ್ದಳು, ನೇರ ಅದರ ಕಡೆಗೇ ಬರುತ್ತಿದ್ದಳು.

ನನ್ನ ಉಸಿರು ಮಾವನಿಗೆ ಕೇಳಿಸಿರಬೇಕು. ದನಿ ತಗ್ಗಿಸಿ ಸಮಾಧಾನ ಹೇಳಿದರು: "ಮಯೂರಿ ಬರೂ ಹೊತ್ತಾತಲ್ರಿ? ಅಂಜಬ್ಯಾಡ್ರಿ. ಆಕಿ ವಿಮಾನಕ್ಕ ಕಣ್ಣು ಐತಿ."

"ಏನು ಕಣ್ಣು?"

"ಅದನ್ನ ಬರದದ್ದು ಹೇಳಬಾರದ್ರಿ. ನೀವು ಅಂಜೀರಿ ಅಂತ ಹೇಳಾಕತ್ತೀನಿ. ಮೂಗಿಗೆ ಬಿಳಿ ಹಚ್ಚೂಕಿಂತ ಮೊದಲ ಅದರ ಮ್ಯಾಲ ನಾ ಒಂದು ಕಣ್ಣು ಬರದೀನಿ. ಎರಡು ಗೇಣು ಉದ್ದ. ಉಪಾಸ ಇದ್ದು ಬರದೀನಿ."

ಚಿತ್ರಗಾರರ ಮನೆಯ ಅಳಿಯನಾದ ನನಗೆ ಆ ಪದ್ಧತಿ ಗೊತ್ತಿತ್ತು. ಕಣ್ಣು ಬರೆಯುವವರೆಗೆ ಮೂರ್ತಿ ಬರೀ ಕಟ್ಟಿಗೆ. ಎಲ್ಲ ಬಣ್ಣ ಆದ ಮೇಲೆ ಉಪವಾಸವಿದ್ದು, ಪರದೆ ಎಳೆದುಕೊಂಡು, ಒಬ್ಬರೇ ಕೂತು ಕಣ್ಣು ತೆರೆಸುತ್ತಾರೆ. ಅದನ್ನು ಊರಲ್ಲಿ ಹೇಳಿಕೊಂಡು ತಿರುಗುವುದಿಲ್ಲ. ಮತ್ತು ಆ ಕಣ್ಣನ್ನು ಬರೆಯುವುದು ಸಾಮಾನ್ಯ ಬಣ್ಣದಿಂದಲ್ಲ.

"ಯಾತರಲೆ ಬರದ್ರಿ ಮಾವಾರ?"

"ತವರದಲೆ. ಅಂಟು ಹಾಕಿ ಎಂಟು ದಿನ ಕುಟ್ಟಿ ಬೆಣ್ಣಿ ಆದಂಗ ಮಾಡಿದ್ದೆ. ನಮ್ಮಪ್ಪ ಮಾಡ್ತಿದ್ದ ಹಂಗ."

ತವರ. ರೇಡಿಯೋ ಅಲೆಗೆ ಲೋಹವೆಂದರೆ ಗೋಡೆ. ರಾಡಾರಿನ ಮುಖದ ಮುಂದೆ, ನೇರಕ್ಕಿಂತ ಕೊಂಚ ಎಡಕ್ಕೆ, ಎರಡು ಗೇಣಿನ ಗೋಡೆ.

"ಹಂಗಾರ ಕಂಪನಿ ಡಬ್ಬಿ ಬಿಟ್ಟು ಬ್ಯಾರೆ ಬಣ್ಣ ಹಚ್ಚಬಾರದಂತ ಹೇಳಿರಲಿಲ್ಲೇನ್ರಿ ನಿಮಗ?"

"ಬಣ್ಣ ಬ್ಯಾರೆ, ಕಣ್ಣು ಬ್ಯಾರೆ" ಎಂದರು ಮಾವ. ನನಗೆ ಅಷ್ಟೂ ತಿಳಿಯುವುದಿಲ್ಲವಲ್ಲ ಎಂಬ ಅಚ್ಚರಿ ಅವರ ದನಿಯಲ್ಲಿತ್ತು.

"ಎಷ್ಟು ವಿಮಾನಕ್ಕ ಬರದ್ರಿ?"

"ಈ ಶಿವರಾತ್ರಿಯಿಂದ ಇತ್ಲಾಗ ಹನ್ನೊಂದಕ್ಕ. ಮಗಳ ವಿಮಾನಕ್ಕಷ್ಟ ಬರದು ಉಳಿದಾವನ್ನ ಕುರುಡ ಬಿಡಾಕ ಆಕ್ಕೇತೇನ್ರಿ? ಅದರಾಗೂ ಮಂದಿ ಮಕ್ಕಳು ಇರ್ತಾರ."

ಅಂಬುವನ್ನು ಒಳಗೆ ಕರೆದುಕೊಳ್ಳಿ ಎಂದು ಹೇಳಿ ಫೋನು ಇಟ್ಟೆ. ಆ ಕಣ್ಣಿನ ಆಚೆಯಿಂದ ಅಲೆ ವಾಪಸು ಬರಲಿಲ್ಲ. ಬರಲಿಲ್ಲವೆಂದರೆ ಅಲ್ಲಿ ಮಳೆಯಿಲ್ಲ ಎಂದು ಯಂತ್ರ ತಿಳಿಯಿತು. ಅನುಮಾನ ಬಂದು, ಅದೇ ದಾರಿಯಲ್ಲಿ ಸ್ವಲ್ಪ ಮುಂಚೆ ಹೋಗಿ ಇಳಿದ ವಿಮಾನದ ಮಾತು ಕೇಳಿತು. ಅದರ ಮೂಗಿನ ಮೇಲೂ ಅದೇ ಕಣ್ಣಿತ್ತು. ಅದೂ ಬಯಲು ಎಂದಿತು. ಕುರುಡ ಕುರುಡನಿಗೆ ದಾರಿ ತೋರಿಸಿದ ಹಾಗೆ ಹನ್ನೊಂದು ವಿಮಾನಗಳು ಎರಡು ತಿಂಗಳಿಂದ ಒಂದಕ್ಕೊಂದು ಸಾಕ್ಷಿ ಹೇಳುತ್ತಿದ್ದವು. ನಡುವೆ ಬಿದ್ದ ಕಪ್ಪನ್ನು ಮನುಷ್ಯರು ನೋಡಬಹುದಿತ್ತು. ಅದನ್ನು ನಾವು ಕೈ ಎತ್ತಿ ಅಳಿಸಿದ್ದೆವು.

ಫಿಲೋಮಿನಾ ಮೇಡಂಗೆ ನಾಲ್ಕು ವಾಕ್ಯದಲ್ಲಿ ಹೇಳಿದೆ. ಅವರು ಮೂವತ್ತು ವರ್ಷ ಆಕಾಶ ನೋಡಿದವರು, ಎರಡನೆಯ ಸಲ ಕೇಳಲಿಲ್ಲ.

"ಪೂರ್ಣಚಿತ್ರ ಆರಿಸೋಕೆ ಮುಖ್ಯ ಕಚೇರಿಯ ಅನುಮತಿ ಬೇಕು, ಗುರು."

"ಒಂಬತ್ತು ನಿಮಿಷ ಇತ್ತು ಮೇಡಂ. ಈಗ ಏಳು."

"ಹೇಳು ಆಕೆಗೆ. ಅನುಮತಿ ಕತೆ ನಾನು ನೋಡ್ಕೋತೀನಿ. ಆ ಹನ್ನೊಂದರಲ್ಲಿ ಈಗ ಮೇಲಿರೋದು ಎಷ್ಟು?"

ಮೂರು. ಒಂದು ಕೇರಳದ ಕಡೆ ಬಿಸಿಲಿನಲ್ಲಿತ್ತು. ಇನ್ನೊಂದು ವಿಶಾಖಪಟ್ಟಣದಿಂದ ಬರುತ್ತ ಮಯೂರಿಯ ಹಿಂದೆ ಮೂರು ನಿಮಿಷ ಅಂತರದಲ್ಲಿ, ಅದೇ ದಾರಿಯಲ್ಲಿತ್ತು. ಅದರ ಪೈಲಟ್ ಕ್ಯಾಪ್ಟನ್ ಧನಂಜಯ. ಮೇಡಂ ಆ ಕಡೆಯ ಮೈಕು ಹಿಡಿದರು, ನಾನು ಈ ಕಡೆಯದು.

"ಏಳು-ಎರಡು-ಒಂದು, ಕೇಂದ್ರ. ಪೂರ್ಣಚಿತ್ರ ಆರಿಸಿ, ಬರೀ ನಿಮ್ಮ ರಾಡಾರ್ ಇಟ್ಟುಕೊಳ್ಳಿ. ಎದುರಿಗೆ ಆಲಿಕಲ್ಲಿನ ಮೋಡ ಇದೆ."

"ಕೇಂದ್ರ, ನನ್ನ ಪರದೆ ಪೂರ್ತಿ ಹಸಿರು. ಸುತ್ತ ಬಿಳಿ ಮೋಡ, ಕಿಟಕಿಯಿಂದ ಏನೂ ಕಾಣುತ್ತಿಲ್ಲ. ಆರಿಸಲು ಕಾರಣ ಹೇಳಿ." ಮಯೂರಿಯ ಕೆಲಸದ ದನಿ. ಮದುವೆಯಾಗಿ ಎಂಟು ವರ್ಷವಾದರೂ ರೇಡಿಯೋದಲ್ಲಿ ನಾವು ಪರಿಚಯವೇ ಇಲ್ಲದವರಂತೆ ಮಾತಾಡುತ್ತಿದ್ದೆವು.

"ಮಯೂರಿ, ನಾನು. ನಿಮ್ಮಪ್ಪ ಮೂಗಿನ ಮ್ಯಾಲ ಕಣ್ಣು ಬರದಾರ. ತವರದಲೆ."

ಚಿತ್ರಗಾರನ ಮಗಳಾಗಿ ಅವಳಿಗೆ ಆ ಲೇಪ ಗೊತ್ತು. ಪೈಲಟ್ ಆಗಿ ಲೋಹವೂ ಗೊತ್ತು. ನಾನು ಬೇರೆ ಏನೂ ಹೇಳುವ ಅಗತ್ಯವಿರಲಿಲ್ಲ. ಗುಂಡಿ ಒತ್ತಿದ ಸಣ್ಣ ಸದ್ದು ಕೇಳಿಸಿತು.

ನಮ್ಮ ರಾಡಾರ್ ಪರದೆ ಕಿಟಕಿಯಿಂದ ನೋಡಿದಂತೆ ಎದುರಿನ ನೋಟ ತೋರಿಸುತ್ತದೆ. ಪೂರ್ಣಚಿತ್ರ ಆರಿದ ಕೂಡಲೇ ಆ ನೋಟ ನನ್ನ ಪರದೆಗೂ ಬಂತು. ನಡುವೆ, ಕೊಂಚ ಎಡಕ್ಕೆ, ಕರಿ ಕಣ್ಣು. ಮಸುಕಾಗಿದ್ದರೂ ಕಣ್ಣೇ. ಅದರ ಅಂಚಿನ ಸುತ್ತಲೂ ಕೆಂಪು ಚಿಮ್ಮುತ್ತಿತ್ತು, ಹಿಂದೆ ಬೆಂಕಿ ಬಿದ್ದ ಮನೆಯ ಮುಚ್ಚಿದ ಬಾಗಿಲಿನ ಸುತ್ತ ಕಾಣುವ ಹಾಗೆ. ಬೇರೆ ವಿಮಾನಗಳು ಬಯಲು ಎಂದದ್ದರಿಂದ ಪೂರ್ಣಚಿತ್ರ ಈ ಕೆಂಪನ್ನೂ ತಪ್ಪೆಂದು ಹಸಿರಿನಲ್ಲಿ ಮುಚ್ಚಿತ್ತು.

"ಕಾಣತೈತಿ ರೀ" ಎಂದಳು ಮಯೂರಿ. ರೇಡಿಯೋದಲ್ಲಿ ಅವಳು ನನ್ನನ್ನು ರೀ ಎಂದದ್ದು ಅದೇ ಮೊದಲು. "ಎಡಗಣ್ಣು. ಅಪ್ಪ ಬಾಲ ಮ್ಯಾಲ ಎತ್ಯಾನ, ದ್ಯಾಮವ್ವನ ಮೂರ್ತಿಗೆ ಎತ್ತಿದಂಗ. ಇದರ ಹಿಂದ ಏನೈತಿ?"

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ. ಮೂಗು ತಿರುವಿ ನೋಡ್ತೀನಿ."

ಕಣ್ಣು ಇದ್ದದ್ದು ಮೂಗಿನ ಮೇಲೆ. ಮೂಗು ಬಲಕ್ಕೆ ತಿರುಗಿದರೆ ಕಪ್ಪೂ ಬಲಕ್ಕೆ ಸರಿಯುತ್ತದೆ, ಅದರ ಹಿಂದೆ ಅಡಗಿದ್ದದ್ದು ಹೊರಗೆ ಬರುತ್ತದೆ. ಬಯಲಾಟ ನೋಡಲು ಕಂಬದ ಹಿಂದೆ ಜಾಗ ಸಿಕ್ಕವರು ಕತ್ತು ಆ ಕಡೆ ಈ ಕಡೆ ಹೊರಳಿಸುವ ಹಾಗೆ ಮಯೂರಿ ಇಡೀ ವಿಮಾನವನ್ನು ಹೊರಳಿಸಿದಳು. ಮೋಡದ ಮುಂದಿನಿಂದ ಕಣ್ಣು ಬಲಕ್ಕೆ ಜರುಗಿತು. ಬಿಟ್ಟ ಜಾಗದಲ್ಲಿ ಕೆಂಪು, ಕೆಂಪಿನೊಳಗೆ ನೇರಳೆ. ನೇರಳೆಯನ್ನು ನಾನು ತರಬೇತಿಯ ಪಾಠದಲ್ಲಿ ಮಾತ್ರ ನೋಡಿದ್ದೆ. ನಲವತ್ತೈದು ಸಾವಿರ ಅಡಿ ಎತ್ತರದ ಆಲಿಕಲ್ಲಿನ ಕಂಬ ಯರಗಟ್ಟಿಯಿಂದ ಬಹಳ ಈಚೆಗೂ ಚಾಚಿಕೊಂಡಿತ್ತು, ಎದುರಿಗೆ ಇಪ್ಪತ್ತೈದು ಕಿಲೋಮೀಟರ್. ಇನ್ನೆರಡು ನಿಮಿಷದ ದಾರಿ.

"ಎಡಕ್ಕ ಆಗೂದಿಲ್ಲ" ಎಂದಳು. "ಬಲಕ್ಕ ನೋಡ್ಬೇಕಂದ್ರ ಕಣ್ಣು ಅಡ್ಡ ಐತಿ. ಇನ್ನೊಮ್ಮೆ ಹೊರಳಸ್ತೀನಿ."

ಹಿಂದಿನಿಂದ ಜನರ ಕೂಗು ಕೇಳಿಸುತ್ತಿತ್ತು. ಸೀಟಿನ ಮುಂದಿನ ನೂರಾ ಅರವತ್ತು ಪರದೆಗಳ ಮೇಲೂ ಆ ಕರಿ ಕಣ್ಣು ತೆರೆದುಕೊಂಡಿತ್ತಲ್ಲ. ಯಾರೋ ಹೆಂಗಸು ತೆಲುಗಿನಲ್ಲಿ ದೇವರನ್ನು ಕರೆಯುತ್ತಿದ್ದಳು. ಮಯೂರಿ ಎಲ್ಲರಿಗೂ ಪಟ್ಟಿ ಬಿಗಿದುಕೊಳ್ಳಲು ಹೇಳಿ ಮೂಗನ್ನು ಎಡಕ್ಕೆ ಎಳೆದಳು, ಕಣ್ಣು ಎಡಕ್ಕೆ ಬಂತು, ಬಲಗಡೆ ಒಂದು ಸಂದು ಕಾಣಿಸಿತು. ಹಳದಿಯ ನಡುವೆ ಸಣ್ಣ ಹಸಿರು ಓಣಿ. ಈ ಹಸಿರು ಊಹೆಯದ್ದಲ್ಲ, ಕಂಡದ್ದು.

"ಸಿಕ್ತು" ಎಂದಳು. ಆಮೇಲೆ ಸದ್ದು ಬಂತು. ಸ್ವಲ್ಪ ಹೊತ್ತಿನ ಹಿಂದೆ ಮಾವನ ಫೋನಿನಲ್ಲಿ ಕೇಳಿದ ಅದೇ ಸದ್ದು, ನೂರು ಪಟ್ಟು ದೊಡ್ಡದಾಗಿ. ಆಮೇಲೆ ರೇಡಿಯೋ ಸತ್ತಿತು.

ನಾನು ಎಣಿಸತೊಡಗಿದೆ. ಬೇರೆ ಏನು ಮಾಡಲೂ ತೋಚಲಿಲ್ಲ. ಪಕ್ಕದಲ್ಲಿ ಮೇಡಂ ಧನಂಜಯನೊಂದಿಗೆ ಜಗಳವಾಡುತ್ತಿದ್ದರು. ಅವನು ಕೆಟ್ಟ ಪೈಲಟ್ ಅಲ್ಲ. ಹಿಂದಿನ ವರ್ಷ ಅನುಮತಿಯಿಲ್ಲದೆ ಪೂರ್ಣಚಿತ್ರ ಆರಿಸಿದ ಒಬ್ಬನನ್ನು ಕಂಪನಿ ಕೆಲಸದಿಂದ ತೆಗೆದಿತ್ತು, ಅದು ಅವನಿಗೆ ನೆನಪಿತ್ತು. "ಮೇಡಂ, ನನ್ನ ಪರದೆ ಹಸಿರಿದೆ. ಮುಖ್ಯ ಕಚೇರಿಯ ಅನುಮತಿ ಸಂಕೇತ ಕಳಿಸಿ, ಆರಿಸ್ತೀನಿ" ಎನ್ನುತ್ತಿದ್ದ. "ಹಸಿರು ಸುಳ್ಳು ಕಣೋ!" ಎಂದು ಅವರು ಕಿರುಚಿದರು. ನಾನು ಐವತ್ತೆರಡಕ್ಕೆ ಬಂದಿದ್ದೆ. ಅಂಬುವಿಗೆ ಏನು ಹೇಳುವುದು ಎಂಬ ವಾಕ್ಯ ತನ್ನಷ್ಟಕ್ಕೆ ತಾನೇ ತಲೆಯಲ್ಲಿ ಸಿದ್ಧವಾಗುತ್ತಿತ್ತು, ಅದನ್ನು ತಡೆಯಲು ನಾನು ಜೋರಾಗಿ ಎಣಿಸಿದೆ.

ಎಪ್ಪತ್ತೊಂದಕ್ಕೆ ಅವಳ ದನಿ ಬಂತು.

"ಕೇಂದ್ರ. ಮುಂದಿನ ಗಾಜು ಬಿರುಕು ಬಿಟ್ಟಿದೆ. ರಾಡಾರ್ ಹೋಗಿದೆ. ಹೊರಗೆ ಬಂದೆವು. ಬಿಸಿಲಿದೆ."

ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅಳುತ್ತಿರುವಾಗಲೇ ಮುಖ್ಯ ಕಚೇರಿಯ ಸಂಕೇತ ಧನಂಜಯನಿಗೆ ತಲುಪಿತು, ಅವನು ಆರಿಸಿದ, ಅಯ್ಯೋ ಎಂದ. ಅವನಿಗೆ ಹೊರಳಿ ನೋಡಲು ಎರಡು ನಿಮಿಷ ಉಳಿದಿರಲಿಲ್ಲ.

ಎರಡೂ ವಿಮಾನಗಳು ಇಳಿದವು. ಮಯೂರಿಯ ನೂರಾ ಅರವತ್ತೆರಡು ಜನರೂ ನಡೆದುಕೊಂಡೇ ಹೊರಗೆ ಬಂದರು. ಧನಂಜಯನ ವಿಮಾನದಲ್ಲಿ ಮೂವತ್ತೆಂಟು ಜನರಿಗೆ ಪೆಟ್ಟಾಗಿತ್ತು, ಇಬ್ಬರು ಬದುಕಿರಲಿಲ್ಲ. ಮಕ್ಕಳ ಪಟ್ಟಿ ಬಿಗಿಯಲು ಎದ್ದಿದ್ದ ಗಗನಸಖಿ ರೆಬೆಕಾ, ಮತ್ತು ಮೊಮ್ಮಗನ ನಾಮಕರಣಕ್ಕೆ ಬರುತ್ತಿದ್ದ ವೆಂಕಟರತ್ನಂ ಎಂಬ ನಿವೃತ್ತ ಮೇಷ್ಟ್ರು.

ಮರುದಿನ ಬೆಳಿಗ್ಗೆ ಮಾವನನ್ನು ಹ್ಯಾಂಗರಿಗೆ ಕರೆದುಕೊಂಡು ಹೋದೆವು. ತನಿಖೆಯವರು ಬರಹೇಳಿದ್ದರು. ಮಯೂರಿಯ ವಿಮಾನದ ಮೂಗು ತುಂಬ ಗುಳಿಗಳು. ಆಲಿಕಲ್ಲು ಬಿಳಿ ಬಣ್ಣವನ್ನೆಲ್ಲ ಸುಲಿದುಹಾಕಿತ್ತು. ಒಳಗಿನ ತವರ ಮಾತ್ರ ಹಿಡಿದ ಪಟ್ಟು ಬಿಟ್ಟಿರಲಿಲ್ಲ. ಬೆಳಗಿನ ಬಿಸಿಲಿಗೆ ಆ ದೊಡ್ಡ ಎಡಗಣ್ಣು ಹೊಳೆಯುತ್ತ ನಮ್ಮನ್ನೇ ನೋಡುತ್ತಿತ್ತು. ತನಿಖೆಗೆ ಬಂದಿದ್ದ ಅಧಿಕಾರಿಯೊಬ್ಬರು ಅದರ ಎದುರು ನಿಲ್ಲಲಾರದೆ ಪಕ್ಕಕ್ಕೆ ಸರಿದರು.

ಮಾವ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟರು.

"ಇದು ನೋಡಲಿಲ್ಲೇನವ್ವಾ?"

"ನೋಡಲಿಲ್ಲಪ್ಪಾ" ಎಂದಳು ಮಯೂರಿ. "ಒಳಗಿನ ಕಣ್ಣಿಗೂ ನೋಡಗೊಡಲಿಲ್ಲ."

ಲೋಹ, ಅಲೆ, ಗೋಡೆ ಎಂದು ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಎರಡು ವರ್ಷದ ಹಿಂದೆ ಊಟದ ಹೊತ್ತಿನಲ್ಲಿ ನಾನು ಹೇಳಬೇಕಾಗಿದ್ದ ಮಾತುಗಳು. ಮಾವನ ಮುಖ ನೋಡಲು ನನ್ನಿಂದ ಆಗಲಿಲ್ಲ. ಕೊನೆಗೆ ಅವರು ಕೇಳಿದ್ದು ಸತ್ತ ಇಬ್ಬರ ಹೆಸರು. ಎರಡು ಸಲ ಹೇಳಿಸಿಕೊಂಡರು. ಉಳಿದ ಹತ್ತು ಮೂಗುಗಳ ಕಣ್ಣನ್ನು ತಾನೇ ಅಳಿಸುತ್ತೇನೆ ಎಂದು ಅಧಿಕಾರಿಗಳ ಕಾಲು ಹಿಡಿಯಲು ಹೋದರು. ಮೂರು ದಿನ, ಪೊಲೀಸರೊಬ್ಬರ ಕಾವಲಿನಲ್ಲಿ, ಉಪವಾಸವಿದ್ದು, ಬರೆದ ಕೈಯಿಂದಲೇ ಉಜ್ಜಿ ಉಜ್ಜಿ ತೆಗೆದರು. ಅವರ ವಂಶದಲ್ಲಿ ಕಣ್ಣು ಅಳಿಸಿದವರು ಅವರೊಬ್ಬರೇ.

ವರದಿ ಬಂತು. ಕಾರಣ: ಅನುಮತಿಯಿಲ್ಲದ ಲೋಹದ ಲೇಪ. ಪೂರ್ಣಚಿತ್ರದ ಬಗ್ಗೆ ಇದ್ದದ್ದು ಒಂದೇ ಸಾಲು, ವ್ಯವಸ್ಥೆ ಹೇಗೆ ಕೆಲಸ ಮಾಡಬೇಕೋ ಹಾಗೆಯೇ ಮಾಡಿದೆ ಎಂದು. ಅದು ಸುಳ್ಳಲ್ಲ, ಅದಕ್ಕೇ ನನಗೆ ಭಯ. ಕಪ್ಪನ್ನು ವಾಪಸು ತನ್ನಿ ಎಂದು ಕೇಳಲು ಅದೇ ಸಭೆ ಇನ್ನೊಮ್ಮೆ ಸೇರಿತು. ಕೈ ಎತ್ತಿದವರು ನಾನು ಮತ್ತು ಫಿಲೋಮಿನಾ ಮೇಡಂ. ಕಣ್ಣುಗಳನ್ನೆಲ್ಲ ಅಳಿಸಿಯಾಗಿದೆಯಲ್ಲ, ಇನ್ನೇನು ಎಂದರು ಉಳಿದವರು. ನಾಳೆ ಇನ್ನೊಂದು ಮೂಗಿಗೆ ಇನ್ನೇನೋ ಅಂಟಿದರೆ? ಹಕ್ಕಿಯೋ, ಹಿಮವೋ, ಯಾರದೋ ಪ್ರೀತಿಯೋ? ಆಗಲೂ ಪರದೆ ಹಸಿರೇ ಇರುತ್ತದೆ ಎಂದೆ. ಚಹಾ ಬಂತು.

ಜುಲೈಯಲ್ಲಿ ಮಯೂರಿ ಮತ್ತೆ ಹಾರುವ ದಿನ. ಮಾವನ ಕೆಲಸ ಹೋಗಿತ್ತು, ಮೊಕದ್ದಮೆ ನಡೆದಿತ್ತು. ಆ ಬೆಳಿಗ್ಗೆ ಅವರು ಕಾಡಿಗೆಯ ಡಬ್ಬಿ ಹಿಡಿದುಕೊಂಡು ಪಡಸಾಲೆಗೆ ಬಂದರು. ಅಂಬುವಿನ ಗಲ್ಲಕ್ಕೆ ದಿನದಂತೆ ದೃಷ್ಟಿಬೊಟ್ಟು ಇಟ್ಟರು. ಡಬ್ಬಿ ಮುಚ್ಚದೆ ಮಗಳ ಕಡೆ ಚಾಚಿದರು.

"ಇದರಾಗ ಲೋಹ ಇಲ್ಲವ್ವಾ. ದೀಪದ ಮಸಿ, ಹರಳೆಣ್ಣಿ. ಆ ಹಸರ ಪರದಿ ಮ್ಯಾಲ ಒಂದು ಬೊಟ್ಟು ಇಡು. ಒಳಗಿನ ಗಾಜಿಗೆ."

"ಯಾಕಪ್ಪಾ, ದೃಷ್ಟಿ ಆಗಬಾರದಂತೇನು?"

"ಅಲ್ಲ. ಕಾಣದ್ದೂ ಒಂದು ಐತಿ ಅಂತ ನೆನಪಿರಲಿ. ಅದು ಕಣ್ಣಲ್ಲ ತಾಯಿ. ನಾ ಇನ್ನ ಕಣ್ಣು ಬರಿಯೂದಿಲ್ಲ."

ಮಯೂರಿ ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡಳು. ಈ ಸಲ ನಾನು ಬಾಗಿಲವರೆಗೆ ಹೋಗಿ, ರಿಕ್ಷಾ ತಿರುವು ದಾಟುವವರೆಗೂ ನೋಡುತ್ತ ನಿಂತೆ.

ಮಧ್ಯಾಹ್ನ ಕೇಂದ್ರದಲ್ಲಿ ಎಂಟು ಪರದೆಗಳೂ ತಿಳಿಹಸಿರಾಗಿದ್ದವು. ಪ್ರತಿಯೊಂದರ ಗಾಜಿನ ಮೇಲೂ ಒಂದು ಕರಿ ಬೊಟ್ಟು ಇತ್ತು. ಅಂದು ಬೆಳಿಗ್ಗೆ ನಾನಿಟ್ಟದ್ದು. ಅಂದಿನಿಂದ ಗುಡಿಸುವ ಹೆಂಗಸು ದಿನಾ ಗೊಣಗುತ್ತ ಒರೆಸುತ್ತಾಳೆ, ನಾನು ದಿನಾ ಇಡುತ್ತೇನೆ. ಕಿಟಕಿಯ ಹೊರಗೆ ಮಳೆ ಕಟ್ಟಿಕೊಳ್ಳುತ್ತಿತ್ತು.

"ಕೇಂದ್ರ, ಏಳು-ಎರಡು-ಒಂದು. ಆಲಮಟ್ಟಿ ದಾಟಿದೆ. ಪರದೆ ಪೂರ್ತಿ ಹಸಿರು."

"ಬೊಟ್ಟಿನ ಹಿಂದ?" ಎಂದು ಕೇಳಿದೆ.

"ಗೊತ್ತಿಲ್ಲ" ಎಂದಳು ಮಯೂರಿ, ಮತ್ತು ನೋಡಲು ಮೂಗನ್ನು ಕೊಂಚ ಬಲಕ್ಕೆ ಹೊರಳಿಸಿದಳು.